ಮಗುವಿಗೆ ಉಸಿರಾಟದ ಟ್ಯೂಬ್: ಹೆತ್ತವರಿಗೆ ಕಾನೂನು ಕೊಟ್ಟಿರುವ ಹಕ್ಕುಗಳು

ಐಸಿಯು ಬಾಗಿಲು ಅರ್ಧ ತೆರೆಯುತ್ತದೆ. ನರ್ಸ್ ಕೈಯಲ್ಲೊಂದು ಹಾಳೆ. “ಮಗುವಿಗೆ ಉಸಿರು ಸಾಲ್ತಿಲ್ಲ, ಟ್ಯೂಬ್ ಹಾಕ್ಬೇಕು, ಬೇಗ ಸಹಿ ಮಾಡಿ.” ಆ ಗಳಿಗೆಯಲ್ಲಿ ತಡಮಾಡಬೇಡಿ. ಸಣ್ಣ ಮಕ್ಕಳ ರಕ್ತದಲ್ಲಿ ಆಮ್ಲಜನಕ ನೋಡನೋಡುತ್ತಲೇ ಇಳಿಯುತ್ತದೆ. ಸಹಿ ಹಾಕಿದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ.

ಸಹಿಯ ಅರ್ಥ

ಚಿಕಿತ್ಸೆ ಏನು, ಏಕೆ, ಅಪಾಯವೇನು, ಬೇರೆ ದಾರಿ ಇದೆಯೇ ಎಂಬುದನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್ ಹೇಳಿದೆ. ಜೀವ ಉಳಿಸುವ ತುರ್ತಿನಲ್ಲಿ ಇದಕ್ಕೆ ವಿನಾಯಿತಿಯಿದೆ. ಪೋಷಕರ ಒಪ್ಪಿಗೆ ಪಡೆಯಲು ಸಮಯವೇ ಇಲ್ಲದಾಗ ಸದುದ್ದೇಶದಿಂದ ಮಾಡಿದ ಚಿಕಿತ್ಸೆಗೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ರಕ್ಷಣೆ ಕೊಡುತ್ತದೆ. ಸಹಿ ಎಂದರೆ ಚಿಕಿತ್ಸೆಗೆ ಒಪ್ಪಿಗೆ, ನಿರ್ಲಕ್ಷ್ಯಕ್ಕೆ ಅಲ್ಲ.

ಮಗು ಸ್ಥಿರವಾದ ಮೇಲೆ ಕೇಳಿ

ನವಜಾತ ಶಿಶುವಿನ ಶ್ವಾಸನಾಳ ನಾಲ್ಕೈದು ಸೆಂಟಿಮೀಟರ್ ಉದ್ದವಷ್ಟೇ. ಗದ್ದ ಎದೆಯತ್ತ ಬಾಗಿದರೆ ಟ್ಯೂಬ್ ಕೆಳಗಿಳಿದು ಒಂದೇ ಶ್ವಾಸಕೋಶಕ್ಕೆ ಗಾಳಿ ಹೋಗಬಹುದು. ಕತ್ತು ಹಿಂದಕ್ಕೆ ವಾಲಿದರೆ ಟ್ಯೂಬ್ ಕಳಚಬಹುದು. ಅದು ಅನ್ನನಾಳಕ್ಕೆ ಹೋಗಿ, ಯಾರೂ ಗಮನಿಸದಿದ್ದರೆ ನಿಮಿಷಗಳಲ್ಲೇ ಪ್ರಾಣಾಪಾಯ. ಹಾಗಾಗಿ ಈ ನಾಲ್ಕು ಪ್ರಶ್ನೆ ಕೇಳಿ:

- ಟ್ಯೂಬಿನ ಅಳತೆ ಎಷ್ಟು, ತುಟಿಯ ಬಳಿ ಎಷ್ಟನೇ ಸೆಂಟಿಮೀಟರ್ ಗುರುತಿದೆ?
- ಎಷ್ಟು ಪ್ರಯತ್ನ ಬೇಕಾಯಿತು?
- ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆದು ಖಚಿತಪಡಿಸಿಕೊಂಡಿರಾ?
- ಎದೆಯ ಎಕ್ಸ್‌ರೇಯಲ್ಲಿ ಟ್ಯೂಬಿನ ತುದಿ ಎಲ್ಲಿದೆ?

ಉತ್ತರವನ್ನು ದಿನಾಂಕ, ಗಂಟೆ ಸಮೇತ ಬರೆದಿಟ್ಟುಕೊಳ್ಳಿ.

ದಾಖಲೆ ಪಡೆಯಿರಿ

ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ, ಕೋರಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು. ಡಿಸ್ಚಾರ್ಜ್ ಸಮ್ಮರಿಗೆ ತೃಪ್ತರಾಗಬೇಡಿ. ಪೂರ್ತಿ ಕೇಸ್ ಶೀಟ್, ನರ್ಸಿಂಗ್ ಚಾರ್ಟ್, ವೆಂಟಿಲೇಟರ್ ಚಾರ್ಟ್, ಎಕ್ಸ್‌ರೇ ಕೇಳಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನಡಿಯೂ ಕೇಳಬಹುದು.

ದೂರು ಎಲ್ಲಿ?

ಹಾನಿಯಾದದ್ದೆಲ್ಲ ನಿರ್ಲಕ್ಷ್ಯವಲ್ಲ. ಎಚ್ಚರ ವಹಿಸಿದ್ದರೂ ಟ್ಯೂಬ್ ಕಳಚುವುದುಂಟು. ಕಳಚಿದ್ದನ್ನು ಎಷ್ಟು ಬೇಗ ಗುರುತಿಸಿದರು, ಏನು ಮಾಡಿದರು ಎಂಬುದರ ಮೇಲೆ ಪ್ರಕರಣ ನಿಲ್ಲುತ್ತದೆ.

- ಪರಿಹಾರಕ್ಕೆ: ಜಿಲ್ಲಾ ಗ್ರಾಹಕ ಆಯೋಗ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ. ಎರಡು ವರ್ಷದ ಗಡುವಿದೆ. ಮಗುವಷ್ಟೇ ಅಲ್ಲ, ಹೆತ್ತವರೂ ಗ್ರಾಹಕರೆಂದು 1998ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಎಲ್ಲರಿಗೂ ಉಚಿತ ಸೇವೆ ಕೊಡುವ ಆಸ್ಪತ್ರೆಗಳು ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಒಳಪಡುವುದಿಲ್ಲ.
- ವೈದ್ಯರ ವೃತ್ತಿಲೋಪಕ್ಕೆ: ಕರ್ನಾಟಕ ವೈದ್ಯಕೀಯ ಪರಿಷತ್ತು.
- ಖಾಸಗಿ ಆಸ್ಪತ್ರೆಯ ವಿರುದ್ಧ: ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ಕುಂದುಕೊರತೆ ಪ್ರಾಧಿಕಾರ.
- ಪೊಲೀಸ್ ದೂರು: ಘೋರ ನಿರ್ಲಕ್ಷ್ಯವಿದ್ದರೆ ಮಾತ್ರ. ಕ್ರಮಕ್ಕೆ ಮುನ್ನ ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕೆಂದು ಜೇಕಬ್ ಮ್ಯಾಥ್ಯೂ ತೀರ್ಪು (2005) ಹೇಳುತ್ತದೆ.

ಆಸ್ಪತ್ರೆಯಲ್ಲಿ ಕೂಗಾಡಿದರೆ ಒಳಗಿರುವ ಬೇರೆ ಮಕ್ಕಳ ಆರೈಕೆಗೂ ಅಡ್ಡಿ. ನಿಮ್ಮ ಮಗುವಿನ ಪರ ಗಟ್ಟಿಯಾಗಿ ಮಾತಾಡುವುದು ಆ ಕೇಸ್ ಶೀಟ್. ಮೊದಲು ಅದನ್ನು ಕೈಗೆ ತೆಗೆದುಕೊಳ್ಳಿ.