ಮೇಣದ ಕಲೆಯನ್ನು ತೆಗೆಯುವ ವಿಧ

ಕ್ರಿಸ್ಮಸ್ ಹಬ್ಬದ ರಾತ್ರಿಯಲ್ಲಿಯೂ, ವಿದ್ಯುತ್ತು ನಿಂತುಹೋದ ಮಳೆಗಾಲದ ಸಂಜೆಗಳಲ್ಲಿಯೂ ನಮ್ಮ ಹಳ್ಳಿಯ ಮನೆಗಳಲ್ಲಿ ಮೇಣದ ಬತ್ತಿಗಳು ಉರಿಯುವದುಂಟು. ಬತ್ತಿಯು ಆರಿದ ಮೇಲೆ ಸೀರೆಯ ಸೆರಗಿನಲ್ಲಾಗಲಿ ಹಾಡಿನ ಪುಸ್ತಕದಲ್ಲಾಗಲಿ ಮಗುವಿನ ಬೊಂಬೆಯಲ್ಲಾಗಲಿ ನಾಲ್ಕು ತೊಟ್ಟು ಮೇಣ ಅಂಟಿರುವದು ಕಾಣುತ್ತದೆ. ಇದು ಅಲ್ಪ ಸಂಗತಿಯೆಂದು ಕೆಲವರು ಹೇಳಬಹುದು. ಆದರೆ ಮದುವೆಗೆ ಕೊಂಡ ಒಂದೇ ರೇಷ್ಮೆ ಸೀರೆಯುಳ್ಳ ಮನೆಯವರಿಗೆ ಅದು ಅಲ್ಪವಲ್ಲ. ಆದದರಿಂದ ಈ ಪಾಠವನ್ನು ಬರೆಯುತ್ತೇವೆ.

ಮೊದಲು ಮೇಣದ ಗುಣವನ್ನು ತಿಳಿಯೋಣ. ಅಂಗಡಿಯ ಬತ್ತಿಗಳು ಹೆಚ್ಚಾಗಿ ಪ್ಯಾರಫಿನ್ ಎಂಬ ಮೇಣದಿಂದ ಮಾಡಲ್ಪಟ್ಟವು. ಇದು ನೆಲದೊಳಗಣ ಕಲ್ಲೆಣ್ಣೆಯಿಂದ ದೊರೆಯುವಂಥದು. ನೀರಿನಲ್ಲಿ ಕದಡುವದಿಲ್ಲ, ಸುಮಾರು 50ರಿಂದ 65 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುವದು, ತಣ್ಣಗಾದರೆ ಗಟ್ಟಿಯಾಗಿ ಪುಡಿಯಾಗುವದು. ಹೀಗಿರಲಾಗಿ, ಮೇಣ ಬಿದ್ದ ಕೂಡಲೇ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಉಜ್ಜಿದರೆ ಏನಾಗುವದು? ಮೇಲೆ ನಿಂತಿದ್ದ ಮೇಣವು ಕರಗಿ, ನೂಲುಗಳೊಳಗೆ ಇಳಿದು, ಅಂಗೈಯಗಲ ಹರಡುವದು. ಬೆರಳಿನಿಂದ ಒರಸಿದರೂ ಹೀಗೆಯೇ. ಆದಕಾರಣ ಮೊದಲನೆಯ ನಿಯಮವೇನಂದರೆ, ಮುಟ್ಟದೆ ಆರಲು ಬಿಡತಕ್ಕದ್ದು.

ಇನ್ನೊಂದು ಸಂಗತಿಯುಂಟು. ಮೈಕೇಲ್ ಫ್ಯಾರಡೇ ಎಂಬ ಪಂಡಿತರು 1860–61ರ ಕ್ರಿಸ್ಮಸ್ ಕಾಲದಲ್ಲಿ ಲಂಡನ್ ಪಟ್ಟಣದಲ್ಲಿ ಎಳೆಯರಿಗೋಸ್ಕರ ಮೇಣದ ಬತ್ತಿಯ ವಿಷಯವಾಗಿಯೇ ಆರು ಉಪನ್ಯಾಸಗಳನ್ನು ಮಾಡಿದರು. ಕರಗಿದ ಮೇಣವು ಬತ್ತಿಯ ನೂಲಿನ ಸಂದುಗಳಲ್ಲಿ ತಾನಾಗಿ ಮೇಲಕ್ಕೇರಿ ಜ್ವಾಲೆಯನ್ನು ಸೇರುವ ಬಗೆಯನ್ನು ಅವರು ವಿವರಿಸಿದರು. ಆ ಶಕ್ತಿಯೇ ನಮಗೂ ಸಹಾಯ ಮಾಡುವದು. ಯಾಕಂದರೆ ಕರಗಿದ ಮೇಣದ ಮೇಲೆ ಒರಟು ಕಾಗದವನ್ನಿಟ್ಟರೆ, ನೂಲಿನಂತೆಯೇ ಆ ಕಾಗದವೂ ಮೇಣವನ್ನು ಹೀರಿಕೊಳ್ಳುವದು.

ಈಗ ಕೆಲಸದ ಕ್ರಮ. ಬಿಡದಿಯಿಂದ ಮೈಸೂರಿನ ಕಡೆಗೆ ಹೋಗುವವರಿಗೆ ಮೊದಲು ರಾಮನಗರವೂ ಬಳಿಕ ಚನ್ನಪಟ್ಟಣವೂ ಸಿಕ್ಕುವವು. ಒಂದು ರೇಷ್ಮೆ ಗೂಡಿನ ಮಾರುಕಟ್ಟೆಗೆ, ಇನ್ನೊಂದು ಅರಗಿನ ಬಣ್ಣದ ಬೊಂಬೆಗಳಿಗೆ ಹೆಸರಾದ ಊರು. ಈ ಎರಡು ಊರುಗಳ ವಸ್ತುಗಳಿಗೆ ಒಂದೇ ಉಪಾಯವು ಸಲ್ಲದು.

ಹತ್ತಿ ಬಟ್ಟೆ: ಮಂಜುಗಡ್ಡೆಯನ್ನು ಚೀಲದಲ್ಲಿಟ್ಟು ಮೇಣದ ಮೇಲೆ ಒತ್ತಿರಿ. ಮಂಜುಗಡ್ಡೆಯಿಲ್ಲದಿದ್ದರೆ ಮಡಕೆಯ ತಣ್ಣೀರು ತುಂಬಿದ ಲೋಟವೂ ಆದೀತು. ಗಟ್ಟಿಯಾದದ್ದನ್ನು ಚಮಚದ ಅಂಚಿನಿಂದ ಮೆಲ್ಲಗೆ ಎಬ್ಬಿಸಿರಿ, ಚಾಕು ಬೇಡ. ಉಳಿದ ಕಲೆಯ ಕೆಳಗೂ ಮೇಲೂ ಅಚ್ಚಿಲ್ಲದ ಕಾಗದವನ್ನಿಟ್ಟು, ಹದವಾದ ಇಸ್ತ್ರಿಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ಒತ್ತಿ ತೆಗೆಯಿರಿ. ಕಾಗದದಲ್ಲಿ ಎಣ್ಣೆಯ ಗುರುತು ಕಾಣದಾಗುವ ತನಕ ಹೊಸ ಕಾಗದ ಬದಲಿಸುತ್ತಾ ಹೋಗಬೇಕು. ಸುದ್ದಿಪತ್ರಿಕೆಯನ್ನು ಇಡಬೇಡಿರಿ, ಅದರ ಮಸಿಯು ಬಟ್ಟೆಗೆ ಹತ್ತುವದು. ಕೊನೆಗೆ ಸಾಬೂನಿನಿಂದ ಒಗೆಯಿರಿ.

ರೇಷ್ಮೆ ಸೀರೆ: ಕ್ರಮವು ಇದೇ, ಆದರೆ ಎಚ್ಚರಿಕೆ ಇಮ್ಮಡಿ. ನೀರಿನ ಹನಿಯೂ ರೇಷ್ಮೆಯಲ್ಲಿ ಗುರುತು ಬಿಡಬಹುದಾದ್ದರಿಂದ ಮಂಜಿನ ಚೀಲವು ಒದ್ದೆಯಾಗಿರಬಾರದು. ಇಸ್ತ್ರಿಯ ಶಾಖವು ಅತಿ ಕಡಿಮೆಯಾಗಿರಲಿ. ಮೇಣ ಕರಗುವದಕ್ಕೆ ಅಷ್ಟೇ ಸಾಕು. ಇದ್ದಲಿನ ಪೆಟ್ಟಿಗೆಯನ್ನು ಮೊದಲು ಹಳೆಯ ಬಟ್ಟೆಯ ಮೇಲಿಟ್ಟು ನೋಡಿರಿ. ಜರಿಯ ಅಂಚನ್ನು ಕೆರೆಯಲೇಬಾರದು. ಬಣ್ಣದ ಬತ್ತಿಯ ಬಣ್ಣ ಉಳಿದರೆ ಡ್ರೈ ಕ್ಲೀನಿಂಗ್ ಮಾಡುವವರಿಗೆ ಕೊಟ್ಟು, ಬಿದ್ದದ್ದು ಮೇಣವೆಂದು ತಿಳಿಸಿರಿ.

ಚನ್ನಪಟ್ಟಣದ ಬೊಂಬೆ: ಇಲ್ಲಿ ಶಾಖವು ಶತ್ರು. ಹಾಲೆ ಮರದ ತುಂಡನ್ನು ಚರಕಿಯಲ್ಲಿ ತಿರುಗಿಸುತ್ತಾ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜಾಟದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುವದು. ಬಿಸಿಯಿಂದ ಬಂದದ್ದು ಬಿಸಿಯಿಂದಲೇ ಹೋದೀತು. ಅರಗು ಕರಗುವ ಶಾಖವು ಮೇಣದ್ದಕ್ಕಿಂತ ಬಹಳ ಹೆಚ್ಚಲ್ಲ. ಆದ್ದರಿಂದ ಇಸ್ತ್ರಿ, ಬಿಸಿನೀರು ಎರಡೂ ಬೇಡ. ಸ್ಪಿರಿಟ್ಟೂ ಬೇಡ, ಅರಗು ಅದರಲ್ಲಿ ಕದಡುವದು. ಮೇಣವನ್ನು ತಂಪು ಮಾಡಿ ಉಗುರಿನಿಂದ ಎಬ್ಬಿಸಿ, ಒಣಗಿದ ಮೆತ್ತನೆಯ ಬಟ್ಟೆಯಿಂದ ಒರಸಿರಿ.

ಪುಸ್ತಕ, ಚಾಪೆ, ಪಾತ್ರೆ: ಪುಸ್ತಕದ ಹಾಳೆಗೆ ಹತ್ತಿ ಬಟ್ಟೆಯ ಕ್ರಮವೇ ಸಾಕು, ಆದರೆ ಒಗೆಯುವದಿಲ್ಲ, ಇಸ್ತ್ರಿಯೂ ಹದವಾಗಿರಲಿ. ಈಚಲು ಚಾಪೆಯನ್ನು ಮೆಲ್ಲಗೆ ಬಾಗಿಸಿದರೆ ಆರಿದ ಮೇಣವು ಒಡೆದು ಉದುರುವದು. ಹಿತ್ತಾಳೆ, ಸ್ಟೀಲುಗಳನ್ನು ಬಿಸಿನೀರಿನಲ್ಲಿ ಅದ್ದಿಡಿರಿ. ನೀರು ಆರಿದ ಮೇಲೆ ಮೇಣವು ಕೆನೆಯಂತೆ ತೇಲುವದನ್ನು ತೆಗೆಯಬಹುದು. ಆ ನೀರನ್ನು ಬಿಸಿಯಾಗಿ ಬಚ್ಚಲಿಗೆ ಚೆಲ್ಲಿದರೆ ಕೊಳವೆಯೊಳಗೆ ಮೇಣವು ಕಟ್ಟಿಕೊಳ್ಳುವದು.

ಕೆಲವರು ಸೀಮೆಎಣ್ಣೆಯನ್ನೂ ಪೆಟ್ರೋಲನ್ನೂ ಹಚ್ಚುವರು. ಮೇಣವು ಅವುಗಳಲ್ಲಿ ಕರಗುವದು ನಿಜ. ಆದರೆ ಆ ಬಟ್ಟೆಗೆ ಒಲೆಯ ಕಿಡಿಯಾಗಲಿ ಇಸ್ತ್ರಿಯ ಬಿಸಿಯಾಗಲಿ ತಗಲಿದರೆ ಸೀರೆಯೊಂದಿಗೆ ಉಟ್ಟವಳ ಪ್ರಾಣಕ್ಕೂ ಅಪಾಯ. ಆದ್ದರಿಂದ ಇದನ್ನು ಮನೆಯಲ್ಲಿ ಮಾಡಲೇಬೇಡಿರಿ.

ಕಡೆಯದಾಗಿ, ಬಿಸಿ ಮೇಣವು ಮಗುವಿನ ಕೈಮೇಲೆ ಬಿದ್ದರೆ ಬಟ್ಟೆಯ ಚಿಂತೆಯನ್ನು ಬಿಟ್ಟುಬಿಡಿರಿ. ಕೂಡಲೇ ಆ ಕೈಯ ಮೇಲೆ ತಣ್ಣೀರನ್ನು 20 ನಿಮಿಷ ಹರಿಸಿರಿ; ಮಂಜುಗಡ್ಡೆ, ಎಣ್ಣೆ, ಹಲ್ಲುಜ್ಜುವ ಪೇಸ್ಟುಗಳನ್ನು ಹಚ್ಚಬೇಡಿರಿ. ಚರ್ಮಕ್ಕೆ ಅಂಟಿದ ಮೇಣವನ್ನು ಬಲವಂತದಿಂದ ಕೀಳಬಾರದು. ಬೊಕ್ಕೆಯೆದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸ್ತ್ರೀಯರ ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು:
1. ಬಿದ್ದ ಮೇಣವನ್ನು ಕೂಡಲೇ ಬಿಸಿನೀರಿನಲ್ಲಿ ಯಾಕೆ ಒಗೆಯಬಾರದು?
2. ಇಸ್ತ್ರಿಯ ಕೆಳಗಣ ಕಾಗದವು ಮಾಡುವ ಕೆಲಸವೇನು?
3. ಸೀರೆಗೆ ಸಲ್ಲುವ ಶಾಖವು ಅರಗಿನ ಬೊಂಬೆಗೆ ಯಾಕೆ ಸಲ್ಲದು?
4. ಮಗುವಿನ ಕೈಮೇಲೆ ಮೇಣ ಬಿದ್ದರೆ ಮೊದಲು ಏನು ಮಾಡುವಿರಿ?