ಇ-ಪೇಪರ್ ಪಿಕ್ಸೆಲ್ ಪಳಗಿಸುವುದು ಹೇಗೆ? ಹಂತ ಹಂತವಾಗಿ

ಮೊಬೈಲ್ ಪರದೆಯಲ್ಲಿ ಪಿಕ್ಸೆಲ್ ಎಂದರೆ ಬೆಳಕು. ಯಾವ ಬಣ್ಣ ಬೇಕೆಂದು ಹೇಳಿದರೆ ಮುಗಿಯಿತು. ಹಿಂದಿನ ಕ್ಷಣ ಅಲ್ಲೇನಿತ್ತು ಎಂಬುದು ಲೆಕ್ಕಕ್ಕಿಲ್ಲ. ಕಿಂಡಲ್‌ನಲ್ಲೂ ಮಾಲ್‌ಗಳ ಡಿಜಿಟಲ್ ಬೆಲೆಚೀಟಿಗಳಲ್ಲೂ ಇರುವ ಇ-ಪೇಪರ್ ಹಾಗಲ್ಲ. ಅಲ್ಲಿ ಪಿಕ್ಸೆಲ್ ಎಂದರೆ ಬಣ್ಣದ ಕಣಗಳು. ಅವನ್ನು ಇದ್ದ ಜಾಗದಿಂದ ಬೇಕಾದ ಜಾಗಕ್ಕೆ ಸರಿಸಬೇಕು. ಈಗ ಎಲ್ಲಿವೆ ಎಂದು ಗೊತ್ತಿಲ್ಲದಿದ್ದರೆ ಎಷ್ಟು ಸರಿಸಬೇಕೆಂದು ಹೇಳಲಾಗದು. ಈ ಒಂದು ಸೂತ್ರವನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನ ಹಂತಗಳೆಲ್ಲ ಸಲೀಸು.

ಏನೇನು ಬೇಕು?

1.54 ಇಂಚಿನ, 200×200 ಪಿಕ್ಸೆಲ್‌ನ ಕಪ್ಪು-ಬಿಳುಪು ಇ-ಪೇಪರ್ ಮಾಡ್ಯೂಲ್ (ಕಂಟ್ರೋಲರ್ ಚಿಪ್ ಎಸ್‌ಎಸ್‌ಡಿ1681 ಆಗಿರಲಿ), ಇಎಸ್‌ಪಿ32 ಬೋರ್ಡ್, 8 ಜಂಪರ್ ವೈರ್, ಆರ್ಡುಯಿನೊ ಐಡಿಇ ಇರುವ ಕಂಪ್ಯೂಟರ್. ಇಎಸ್‌ಪಿ32 ಏಕೆ? ಆರ್ಡುಯಿನೊ ಊನೊ ಬೋರ್ಡ್‌ನಲ್ಲಿರುವುದು 2 ಕೆಬಿ ರ್‍ಯಾಮ್ ಮಾತ್ರ. ಇಡೀ ಚಿತ್ರ ಅದರಲ್ಲಿ ಹಿಡಿಸುವುದಿಲ್ಲ.

ಹಂತ 1: ಒಳಗೇನಿದೆ ಎಂದು ತಿಳಿಯಿರಿ

ಎಂಐಟಿ ಮೀಡಿಯಾ ಲ್ಯಾಬ್‌ನ ಸಂಶೋಧನೆಯಿಂದ 1997ರಲ್ಲಿ ಹುಟ್ಟಿದ ಇ ಇಂಕ್ ಕಂಪನಿಯ ತಂತ್ರ ಇದು. ಕೂದಲೆಳೆಯಷ್ಟು ದಪ್ಪದ ಪುಟಾಣಿ ಗುಳಿಗೆಗಳ ಒಳಗೆ ಪಾರದರ್ಶಕ ದ್ರವ. ಅದರಲ್ಲಿ ಬಿಳಿ ಕಣಗಳು, ಕಪ್ಪು ಕಣಗಳು. ಒಂದರದು ಧನ ವಿದ್ಯುದಂಶ, ಇನ್ನೊಂದರದು ಋಣ. ಕೆಳಗಿನ ಎಲೆಕ್ಟ್ರೋಡ್‌ಗೆ ಸುಮಾರು 15 ವೋಲ್ಟ್ ಕೊಟ್ಟರೆ ಒಂದು ಬಣ್ಣ ಮೇಲೇರುತ್ತದೆ, ವೋಲ್ಟೇಜನ್ನು ತಿರುವುಮುರುವು ಮಾಡಿದರೆ ಇನ್ನೊಂದು. ವಿದ್ಯುತ್ ನಿಂತರೂ ಕಣಗಳು ಇದ್ದಲ್ಲೇ ಇರುತ್ತವೆ. ಚಿತ್ರ ಅಳಿಯದಿರುವುದಕ್ಕೂ ಹಳೆಯ ಗುರುತು ಉಳಿಯುವುದಕ್ಕೂ ಕಾರಣ ಇದೇ.

ಹಂತ 2: ವೈರ್ ಜೋಡಿಸಿ

ವಿಸಿಸಿಯನ್ನು 3.3 ವೋಲ್ಟ್‌ಗೆ, ಗ್ರೌಂಡನ್ನು ಗ್ರೌಂಡ್‌ಗೆ ಕೊಡಿ. ಉಳಿದವು ಇಎಸ್‌ಪಿ32ರ ಪಿನ್‌ಗಳಿಗೆ: ಡಿಐಎನ್ 23ಕ್ಕೆ, ಸಿಎಲ್‌ಕೆ 18ಕ್ಕೆ, ಸಿಎಸ್ 5ಕ್ಕೆ, ಡಿಸಿ 17ಕ್ಕೆ, ಆರ್‌ಎಸ್‌ಟಿ 16ಕ್ಕೆ, ಬಿಝಿ 4ಕ್ಕೆ. ಬಿಝಿ ವೈರನ್ನು ಬಿಟ್ಟುಬಿಡಬೇಡಿ. ಕಣಗಳು ಓಡಾಡುತ್ತಿರುವಾಗ ಈ ಪಿನ್ ಹೈ ಆಗಿರುತ್ತದೆ. ಅದು ಇಳಿಯುವವರೆಗೆ ಮುಂದಿನ ಆದೇಶ ಕಳಿಸಬಾರದು. ನಂತರ ತಯಾರಕರ ಮಾದರಿ ಕೋಡ್‌ನ ಆರಂಭಿಕ ಭಾಗವನ್ನು ಹಾಗೆಯೇ ಬಳಸಿ.

ಹಂತ 3: ಒಂದು ಪಿಕ್ಸೆಲ್‌ನ ವಿಳಾಸ ಹುಡುಕಿ

ಪ್ರತಿ ಪಿಕ್ಸೆಲ್‌ಗೆ ಒಂದು ಬಿಟ್: 1 ಎಂದರೆ ಬಿಳಿ, 0 ಎಂದರೆ ಕಪ್ಪು. ಒಂದು ಬೈಟ್‌ನಲ್ಲಿ 8 ಪಿಕ್ಸೆಲ್. ಒಂದು ಸಾಲಿಗೆ 25 ಬೈಟ್, ಇಡೀ ಪರದೆಗೆ 5,000 ಬೈಟ್.

ಎಣಿಕೆ ಸೊನ್ನೆಯಿಂದ ಶುರು. ಅಡ್ಡಕ್ಕೆ 10, ಉದ್ದಕ್ಕೆ 3 ಎಂಬ ಜಾಗದ ಪಿಕ್ಸೆಲ್ ಬೇಕೆನ್ನಿ. ಮೇಲಿನ 3 ಸಾಲುಗಳಿಗೆ 3×25 = 75 ಬೈಟ್. 10ನ್ನು 8ರಿಂದ ಭಾಗಿಸಿದರೆ ಭಾಗಲಬ್ಧ 1, ಶೇಷ 2. ಅಂದರೆ 75+1 = 76ನೇ ಬೈಟ್‌ನಲ್ಲಿ ಎಡದಿಂದ 2 ಬಿಟ್ ಬಿಟ್ಟು ಮೂರನೆಯದು. ಬೈಟ್‌ಗಳನ್ನೆಲ್ಲ ಮೊದಲು ಬಿಳಿ ಮಾಡಿ, ಆ ಒಂದು ಬಿಟ್ಟನ್ನು ಮಾತ್ರ 0 ಮಾಡಿ.

ಹಂತ 4: ಪೂರ್ಣ ರಿಫ್ರೆಶ್ ಕೊಡಿ

ಹೆಕ್ಸ್ (ಹೆಕ್ಸಾಡೆಸಿಮಲ್) 24 ಎಂಬ ಆದೇಶದ ಹಿಂದೆಯೇ 5,000 ಬೈಟ್ ಕಳಿಸಿ. ಪರದೆಯ ಮೇಲೆ ಇನ್ನೂ ಏನೂ ಕಾಣದು. ಚಿತ್ರ ಕಂಟ್ರೋಲರ್‌ನ ರ್‍ಯಾಮ್‌ಗೆ ಹೋಗಿದೆ, ಅಷ್ಟೆ. ನಂತರ ಹೆಕ್ಸ್ 22ರ ಜೊತೆ ರಿಫ್ರೆಶ್‌ನ ಬಗೆ ತಿಳಿಸಿ, ಹೆಕ್ಸ್ 20 ಕೊಟ್ಟರೆ ಕೆಲಸ ಶುರು. ಪರದೆ ಕಪ್ಪು-ಬಿಳುಪಾಗಿ ಮಿನುಗಿ, ಸುಮಾರು 2 ಸೆಕೆಂಡಿನಲ್ಲಿ ನಿಮ್ಮ ಚುಕ್ಕೆಯೊಂದಿಗೆ ನಿಲ್ಲುತ್ತದೆ.

ಆ ಮಿನುಗು ದೋಷವಲ್ಲ. ಎಲ್ಲ ಕಣಗಳನ್ನೂ ಎರಡೂ ತುದಿಗೆ ಓಡಿಸಿ, ಹಳೆಯದನ್ನೆಲ್ಲ ಅಳಿಸಿ, ಗೊತ್ತಿರುವ ಸ್ಥಿತಿಗೆ ತರುವ ವಿಧಾನ ಅದು.

ಹಂತ 5: ಭಾಗಶಃ ರಿಫ್ರೆಶ್ ಕಲಿಯಿರಿ

ನಿಯಂತ್ರಣದ ತಿರುಳು ಇರುವುದು ಇಲ್ಲಿ. ಕಂಟ್ರೋಲರ್‌ನಲ್ಲಿ ಎರಡು ರ್‍ಯಾಮ್: ಹೊಸ ಚಿತ್ರ ಹೆಕ್ಸ್ 24ರಲ್ಲಿ, ಹಳೆಯದು ಹೆಕ್ಸ್ 26ರಲ್ಲಿ. ಎರಡನ್ನೂ ಹೋಲಿಸಿದರೆ ಪ್ರತಿ ಪಿಕ್ಸೆಲ್‌ಗೆ ನಾಲ್ಕೇ ದಾರಿ: ಕಪ್ಪು ಕಪ್ಪಾಗಿಯೇ, ಬಿಳಿ ಬಿಳಿಯಾಗಿಯೇ, ಕಪ್ಪಿನಿಂದ ಬಿಳಿಗೆ, ಬಿಳಿಯಿಂದ ಕಪ್ಪಿಗೆ. ಯಾವ ದಾರಿಗೆ ಯಾವ ವೋಲ್ಟೇಜ್, ಎಷ್ಟು ಹೊತ್ತು ಎಂಬ ಪಟ್ಟಿಗೆ ವೇವ್‌ಫಾರ್ಮ್ ಎನ್ನುತ್ತಾರೆ. ಭಾಗಶಃ ರಿಫ್ರೆಶ್‌ನಲ್ಲಿ ಬದಲಾದ ಪಿಕ್ಸೆಲ್‌ಗಳಷ್ಟೇ ಕದಲುತ್ತವೆ. ಮಿನುಗು ಇಲ್ಲ, ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ಸಾಕು.

ತಾಪಮಾನ 28 ಇದ್ದದ್ದು 29 ಆಯಿತೆನ್ನಿ. ಡಿಜಿಟಲ್ ಗಡಿಯಾರದ ಮಾದರಿಯ ಅಂಕಿಯಲ್ಲಿ 8ಕ್ಕೂ 9ಕ್ಕೂ ಇರುವ ವ್ಯತ್ಯಾಸ ಕೆಳಗಿನ ಎಡಗಡೆಯ ಗೆರೆಯೊಂದೇ. ಆ ಗೆರೆ ಮಾತ್ರ ಬಿಳಿಯಾಗಬೇಕು. ಕಣಗಳು ಪೂರ್ತಿ ಸರಿಯದಿದ್ದರೆ ಅಲ್ಲಿ ಬೂದು ನೆರಳು ಉಳಿದು, 9 ಎಂಬುದು ಮಾಸಿದ 8ರಂತೆ ಕಾಣುತ್ತದೆ. ಘೋಸ್ಟಿಂಗ್ ಎಂದರೆ ಇದೇ. ಕೆಲವು ಭಾಗಶಃ ರಿಫ್ರೆಶ್‌ಗಳಿಗೊಮ್ಮೆ ಪೂರ್ಣ ರಿಫ್ರೆಶ್ ಕೊಟ್ಟರೆ ಅದು ಹೋಗುತ್ತದೆ.

ಎರಡು ಎಚ್ಚರಿಕೆ: ಪ್ರತಿ ಸಲವೂ ಮುಗಿದ ಮೇಲೆ ಹೊಸ ಚಿತ್ರವನ್ನು ಹೆಕ್ಸ್ 26ಕ್ಕೂ ಬರೆಯಿರಿ. ಬದಲಿಸುವ ಚೌಕದ ಎಡ ಅಂಚೂ ಅಗಲವೂ 8ರ ಗುಣಕವಾಗಿರಲಿ.

ಹಂತ 6: ಫೋಟೊ ಮತ್ತು ಕನ್ನಡ ಅಕ್ಷರ

ಬರಿ ಕಪ್ಪು-ಬಿಳುಪಿನಲ್ಲಿ ಬೂದು ಛಾಯೆ ತರಲು ಡಿದರಿಂಗ್ ಬಳಸಿ. 1976ರ ಫ್ಲಾಯ್ಡ್–ಸ್ಟೈನ್‌ಬರ್ಗ್ ವಿಧಾನದಲ್ಲಿ ಒಂದು ಪಿಕ್ಸೆಲನ್ನು ಕಪ್ಪು ಅಥವಾ ಬಿಳಿ ಮಾಡಿದಾಗ ಉಳಿಯುವ ವ್ಯತ್ಯಾಸವನ್ನು ನೆರೆಯವಕ್ಕೆ ಹಂಚುತ್ತಾರೆ: ಬಲಕ್ಕೆ 7/16, ಕೆಳಗಿನ ಎಡಕ್ಕೆ 3/16, ನೇರ ಕೆಳಕ್ಕೆ 5/16, ಕೆಳಗಿನ ಬಲಕ್ಕೆ 1/16.

ಆರ್ಡುಯಿನೊದ ಸಾಮಾನ್ಯ ಫಾಂಟ್ ಲೈಬ್ರರಿಗಳಿಗೆ ಒತ್ತಕ್ಷರ ಕೂಡಿಸಲು ಬಾರದು. ಕನ್ನಡ ಸಾಲನ್ನು ಕಂಪ್ಯೂಟರ್‌ನಲ್ಲೇ ಚಿತ್ರವಾಗಿಸಿ, ಬಿಟ್‌ಗಳಾಗಿ ಕಳಿಸಿ.

ಹಂತ 7: ಮಲಗಿಸಿ

ಕೆಲಸ ಮುಗಿದ ಕೂಡಲೇ ಹೆಕ್ಸ್ 10 ಕೊಟ್ಟು ಡೀಪ್ ಸ್ಲೀಪ್‌ಗೆ ಕಳಿಸಿ. ಹೆಚ್ಚು ವೋಲ್ಟೇಜ್‌ನಲ್ಲಿ ಬಹಳ ಹೊತ್ತು ಬಿಟ್ಟರೆ ಪರದೆ ಹಾಳಾದೀತು. ಎಬ್ಬಿಸಲು ಆರ್‌ಎಸ್‌ಟಿ ಪಿನ್‌ನಿಂದ ರಿಸೆಟ್ ಕೊಡಿ. ಎದ್ದ ಮೇಲೆ ಹಳೆಯ ಚಿತ್ರ ರ್‍ಯಾಮ್‌ನಲ್ಲಿದೆ ಎಂಬ ಖಾತ್ರಿ ಇಲ್ಲದಿದ್ದರೆ ಮೊದಲು ಪೂರ್ಣ ರಿಫ್ರೆಶ್.

ಸಾಮಾನ್ಯ ತೊಡಕುಗಳು

ಚಿತ್ರ ಓರೆಯಾಗಿ ಹರಿದಂತಿದ್ದರೆ ಸಾಲಿಗೆ 25 ಬೈಟ್ ಎಂಬ ಲೆಕ್ಕ ತಪ್ಪಿದೆ. ಬಣ್ಣ ಅದಲುಬದಲಾಗಿದ್ದರೆ 0, 1 ತಿರುಗಿವೆ. ಚಳಿಯಲ್ಲಿ ನಿಧಾನವಾದರೆ ಗಾಬರಿ ಬೇಡ: ದ್ರವ ಮಂದವಾಗುತ್ತದೆ, ಕಂಟ್ರೋಲರ್ ತನ್ನ ತಾಪಮಾನ ಸೆನ್ಸರ್ ನೋಡಿ ವೇವ್‌ಫಾರ್ಮ್ ಬದಲಿಸುತ್ತದೆ. ವೇವ್‌ಫಾರ್ಮ್ ಪಟ್ಟಿಯನ್ನು ಹೊಸಬರು ತಿದ್ದಬೇಡಿ. ಧನ, ಋಣ ತಳ್ಳುವಿಕೆ ಸರಿದೂಗದಿದ್ದರೆ ಪರದೆಗೆ ಶಾಶ್ವತ ಹಾನಿಯಾಗಬಹುದು.

ಮೊದಲ ಅಭ್ಯಾಸಕ್ಕೆ ತಾಪಮಾನ ತೋರಿಸುವ ಪುಟ್ಟ ಫಲಕ ಮಾಡಿ. ಅಂಕಿ ಬದಲಾದಾಗ ಮಾತ್ರ ಭಾಗಶಃ ರಿಫ್ರೆಶ್, ಪ್ರತಿ ಐದನೇ ಬದಲಾವಣೆಗೆ ಪೂರ್ಣ ರಿಫ್ರೆಶ್, ದಿನಕ್ಕೊಮ್ಮೆಯಾದರೂ ಪರದೆಗೆ ಕೆಲಸ. ನಂತರ ಬೇಕೆಂದೇ ಹೆಕ್ಸ್ 26ಕ್ಕೆ ಬರೆಯುವುದನ್ನು ಒಮ್ಮೆ ಬಿಟ್ಟು ನೋಡಿ. ಯಾವ ಪಿಕ್ಸೆಲ್ ಏಕೆ ಎಡವಿತು ಎಂದು ನೀವೇ ವಿವರಿಸಬಲ್ಲಿರಾದರೆ, ಇ-ಪೇಪರ್ ನಿಮ್ಮ ಕೈಗೆ ಬಂದಿದೆ.