ಮಳೆಗಾಲದಲ್ಲಿ ಮನೆಯ ದಾರಿಯನ್ನು ತೆರವುಗೊಳಿಸುವ ಟ್ರಾಕ್ಟರಿನ ಸಲಕರಣೆಗಳು: ಅವುಗಳನ್ನು ಆರಿಸುವ ಕ್ರಮ

ಮಲೆನಾಡಿನಲ್ಲಿ ಮನೆಗಳು ಒತ್ತಾಗಿರದೆ, ಒಬ್ಬೊಬ್ಬ ಜಮೀನುದಾರನ ಮನೆಯೂ ಅವನ ತೋಟಗದ್ದೆಗಳ ನಡುವೆ ಒಂಟಿಯಾಗಿರುವುದು ವಾಡಿಕೆ. ದೊಡ್ಡ ರಸ್ತೆಯಿಂದ ಅಂಗಳದವರೆಗಿನ ಮಣ್ಣುದಾರಿಯು ಹಲವೆಡೆ ಗುಡ್ಡದ ಮಗ್ಗುಲನ್ನು ಕಡಿದು ಮಾಡಿದುದಾಗಿರುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯಂಥ ಸೀಮೆಗಳಲ್ಲಿ, ಮುಂಗಾರು ಹಿಡಿದ ಮೇಲೆ ಇಂಥ ದಾರಿಗಳ ಮೇಲೆ ದರೆಯ ಮಣ್ಣು ಜರಿದು ಬೀಳುವುದೂ, ಹೊಳೆಹಳ್ಳಗಳ ಕೆಸರು ಬಂದು ನಿಲ್ಲುವುದೂ ಎಲ್ಲರೂ ಬಲ್ಲ ಸಂಗತಿ. ದಾರಿ ಕಟ್ಟಿ ಒಂದು ದಿನ ಹಾಲು ಡೈರಿಗೆ ಮುಟ್ಟದಿದ್ದರೆ ಆ ನಷ್ಟವನ್ನು ಮರುದಿನ ತುಂಬಿಕೊಳ್ಳಬಹುದು. ಹೆರಿಗೆಯ ನೋವು ತಿನ್ನುತ್ತಿರುವ ಹೆಂಗಸು ಆಸ್ಪತ್ರೆಗೆ ಮುಟ್ಟದಿದ್ದರೆ ಆ ನಷ್ಟಕ್ಕೆ ಪರಿಹಾರವೇ ಇಲ್ಲ.

ಈಗ ಅನೇಕ ಜಮೀನುದಾರರಲ್ಲಿ ಟ್ರಾಕ್ಟರುಗಳಿವೆ. ಆದರೆ ದಾರಿ ತೆರವುಮಾಡಲು ಯಾವ ಸಲಕರಣೆಯನ್ನು ಕೊಳ್ಳಬೇಕೆಂಬ ವಿಷಯದಲ್ಲಿ, ನೆರೆಯವನು ಕೊಂಡುದನ್ನು ನೋಡಿಯೋ ಮಾರುವವನ ಮಾತನ್ನು ಕೇಳಿಯೋ ಹಣ ಹಾಕುವವರೇ ಹೆಚ್ಚು. ಈ ವಿಷಯದಲ್ಲಿ ಗಮನಿಸತಕ್ಕ ಮುಖ್ಯಾಂಶಗಳನ್ನು ಕೆಳಗೆ ವಿವರಿಸಿದೆ.

1. ಮಣ್ಣಿನ ತೂಕ

ಅಮೆರಿಕದ ಉತ್ತರ ಭಾಗದಲ್ಲಿಯೂ ಕೆನಡಾದಲ್ಲಿಯೂ ಚಳಿಗಾಲದಲ್ಲಿ ಮನೆಯ ದಾರಿಯ ಮೇಲೆ ಬಿದ್ದ ಹಿಮವನ್ನು ರೈತರು ಟ್ರಾಕ್ಟರಿಗೆ ಬ್ಲೇಡು, ಲೋಡರು ಮುಂತಾದವನ್ನು ಕಟ್ಟಿ ತೆಗೆಯುತ್ತಾರೆ. ನಮ್ಮಲ್ಲಿ ದೊರೆಯುವ ಸಲಕರಣೆಗಳೂ ಬಹುಮಟ್ಟಿಗೆ ಅದೇ ಬಗೆಯವು. ಆದರೆ ಹೊಸದಾಗಿ ಬಿದ್ದ ಹಿಮ ಒಂದು ಘನಮೀಟರಿಗೆ ಸುಮಾರು 50ರಿಂದ 100 ಕಿಲೋಗ್ರಾಂ ತೂಗಿದರೆ, ನೀರು ಕುಡಿದ ಮಣ್ಣು ಸುಮಾರು 1,800 ಕಿಲೋಗ್ರಾಂ ತೂಗುತ್ತದೆ. ಆದುದರಿಂದ ಅಲ್ಲಿ ಸಣ್ಣ ಟ್ರಾಕ್ಟರು ಮಾಡುವ ಕೆಲಸವನ್ನು ನೋಡಿ ಇಲ್ಲಿ ಅಷ್ಟನ್ನೇ ನಿರೀಕ್ಷಿಸತಕ್ಕದ್ದಲ್ಲ.

ಲೆಕ್ಕವನ್ನು ನೋಡಿರಿ. ಹತ್ತು ಅಡಿ ಅಗಲದ ದಾರಿಯಲ್ಲಿ ಮೂವತ್ತು ಅಡಿ ಉದ್ದಕ್ಕೆ ಒಂದಡಿ ದಪ್ಪ ಮಣ್ಣು ಬಿದ್ದರೆ ಅದು 300 ಘನ ಅಡಿ. ಘನ ಅಡಿಗೆ 50 ಕಿಲೋಗ್ರಾಂ ಎಂದರೂ ಒಟ್ಟು 15 ಟನ್ನಾಯಿತು. ಹತ್ತು ಘನ ಅಡಿ ಹಿಡಿಯುವ ಲೋಡರಿನ ಬಕೆಟ್ಟಿನಿಂದ ಇದನ್ನು ಸಾಗಿಸಲು ಮೂವತ್ತು ಸಲ ಹೋಗಿಬರಬೇಕು.

2. ತೆಗೆದ ಮಣ್ಣನ್ನು ಎಲ್ಲಿ ಹಾಕುವುದು?

ಸಲಕರಣೆಯ ಆಯ್ಕೆಗೆ ಇದೇ ಮೂಲ ಪ್ರಶ್ನೆ. ದಾರಿಯ ಅಂಚಿಗೆ ಸರಿಸಿದ ಹಿಮವು ಬಿಸಿಲು ಬಂದಾಗ ಕರಗಿಹೋಗುತ್ತದೆ. ಮಣ್ಣು ಕರಗಿ ಹೋಗುವುದಿಲ್ಲ. ಅಂಚಿನಲ್ಲಿ ಬಿಟ್ಟ ಮಣ್ಣು ಸಣ್ಣ ಬದುವಿನಂತಾಗಿ, ಮಳೆಯ ನೀರು ಚರಂಡಿಗೆ ಇಳಿಯದಂತೆ ತಡೆಯುತ್ತದೆ. ಆ ನೀರು ದಾರಿಯ ಮೇಲೆಯೇ ಹರಿದು ಕೊರಕಲು ಬೀಳಿಸುವುದಲ್ಲದೆ, ಅದೇ ಮಣ್ಣನ್ನು ಕೆಸರಾಗಿ ಮರಳಿ ತರುತ್ತದೆ. ಆದುದರಿಂದ ಮಣ್ಣಿಗೆ ಸ್ಥಳ ಗೊತ್ತುಮಾಡಿದ ಮೇಲೆಯೇ ಸಲಕರಣೆಯನ್ನು ಗೊತ್ತುಮಾಡತಕ್ಕದ್ದು.

3. ಸಲಕರಣೆಗಳೂ ಅವುಗಳ ಕೆಲಸವೂ

(ಅ) ಹಿಂಬದಿಯ ಬ್ಲೇಡು: ಟ್ರಾಕ್ಟರಿನ ಹಿಂದಿನ ಮೂರು ಕೊಂಡಿಗಳಿಗೆ ಕಟ್ಟುವ ಈ ಅಲಗನ್ನು ಬೇಕಾದಂತೆ ಓರೆಮಾಡಬಹುದು. ತೆಳುವಾದ ಕೆಸರನ್ನು ಪಕ್ಕಕ್ಕೆ ಸರಿಸಲು, ಚರಂಡಿಯ ಬಾಯಿ ಬಿಡಿಸಲು, ದಾರಿಯ ನಡುವನ್ನು ಎತ್ತರಿಸಲು ಇದು ಉತ್ತಮ. ಗುಡ್ಡೆಬಿದ್ದ ಮಣ್ಣನ್ನು ಇದು ಎತ್ತಲಾರದು. ಆರು ಅಡಿಯ ಅಲಗನ್ನು 30 ಡಿಗ್ರಿ ಓರೆಮಾಡಿದರೆ ಅದು ಮುಚ್ಚುವ ಅಗಲ ಸುಮಾರು 5 ಅಡಿ 2 ಅಂಗುಲಕ್ಕೆ ಇಳಿಯುತ್ತದೆ. ಓರೆಮಾಡಿದಾಗಲೂ ಅಲಗು ಹಿಂದಿನ ಗಾಲಿಗಳ ಹೊರ ಅಂಚನ್ನು ಮುಟ್ಟುವಷ್ಟು ಉದ್ದವಿರಬೇಕು.

(ಆ) ಬಾಕ್ಸ್ ಸ್ಕ್ರೇಪರು: ಇದು ಮೂರು ಪಕ್ಕ ಮುಚ್ಚಿದ ಪೆಟ್ಟಿಗೆಯ ಆಕಾರದ್ದು, ಗಟ್ಟಿನೆಲವನ್ನು ಸಡಿಲಿಸುವ ಹಲ್ಲುಗಳಿರುತ್ತವೆ. ಉಬ್ಬಿನ ಮಣ್ಣನ್ನು ಕೆರೆದು ತಗ್ಗಿಗೆ ಒಯ್ದು ತುಂಬುತ್ತದೆ. ಮಳೆಗಾಲದ ನಡುವೆ ಇದರಿಂದ ಪ್ರಯೋಜನ ಕಡಿಮೆ. ಮಳೆಗೆ ಮುಂಚೆಯೂ ಮಳೆ ಮುಗಿದ ಮೇಲೂ ದಾರಿ ಸರಿಪಡಿಸಲು ಬಲು ಉಪಯುಕ್ತ.

(ಇ) ಮುಂಬದಿಯ ದೂಡುವ ಬ್ಲೇಡು: ಚಾಲಕನಿಗೆ ಕೆಲಸ ಕಣ್ಣೆದುರಿಗೆ ಕಾಣುತ್ತದೆ, ಟ್ರಾಕ್ಟರು ಮಣ್ಣಿನ ಮೇಲೆ ಹತ್ತದೆ ದಾರಿ ಬಿಡಿಸಿಕೊಂಡು ಮುಂದುವರಿಯುತ್ತದೆ. ದೂಡಿದ ಮಣ್ಣಿಗೆ ಸಮೀಪದಲ್ಲಿಯೇ ಸ್ಥಳವಿದ್ದಲ್ಲಿ ಮಾತ್ರ ಇದು ಸಾಕಾಗುತ್ತದೆ.

(ಈ) ಲೋಡರು: ಒಂದು ಪಕ್ಕ ದರೆ, ಇನ್ನೊಂದು ಪಕ್ಕ ತೋಟವೋ ಗದ್ದೆಯೋ ಇದ್ದು, ಮಣ್ಣನ್ನು ಬೇರೆಡೆಗೆ ಸಾಗಿಸಲೇಬೇಕಾದಲ್ಲಿ ಇದರ ಹೊರತು ಗತಿಯಿಲ್ಲ. ಬೆಲೆ ಹೆಚ್ಚು. ಗೊಬ್ಬರ, ಜಲ್ಲಿ, ಕೆರೆಗೋಡು ತುಂಬಲೂ ಒದಗುವುದರಿಂದ ವರ್ಷವಿಡೀ ಕೆಲಸವಿರುವವರು ಕೊಳ್ಳಬಹುದು.

ಹಿಮವನ್ನು ದೂರಕ್ಕೆ ಎಸೆಯುವ ತಿರುಗುಯಂತ್ರವೊಂದುಂಟು; ಅದು ಟ್ರಾಕ್ಟರಿನ ಪಿ.ಟಿ.ಓ. ದಂಡದಿಂದ ತಿರುಗುತ್ತದೆ. ಅದು ಹಿಮಕ್ಕಾಗಿಯೇ ಮಾಡಿದ್ದು. ಕಲ್ಲು ಬೇರು ಬೆರೆತ ನಮ್ಮ ಕೆಸರಿಗೆ ಸಲ್ಲದು.

4. ಟ್ರಾಕ್ಟರಿಗೂ ಸಲಕರಣೆಗೂ ಹೊಂದಿಕೆ

ಹಿಂದಿನ ಕೊಂಡಿಗಳಲ್ಲಿ ದರ್ಜೆಗಳಿವೆ. ಕೆಳಕೊಂಡಿಯ ಪಿನ್ನು ಒಂದನೆಯ ದರ್ಜೆಯಲ್ಲಿ ಸುಮಾರು 22 ಮಿಲಿಮೀಟರ್, ಎರಡನೆಯ ದರ್ಜೆಯಲ್ಲಿ ಸುಮಾರು 28 ಮಿಲಿಮೀಟರ್ ದಪ್ಪವಿರುತ್ತದೆ. ಹಣ ಕೊಡುವ ಮುನ್ನ ಇದನ್ನು ಅಳೆದು ನೋಡತಕ್ಕದ್ದು. ಲೋಡರನ್ನು ಕಟ್ಟಿದಾಗ ಭಾರವೆಲ್ಲ ಮುಂದಿನ ಅಚ್ಚಿನ ಮೇಲೆ ಬಿದ್ದು ಹಿಂದಿನ ಗಾಲಿಗಳು ಹಗುರಾಗುವುದರಿಂದ, ಹಿಂಬದಿಗೆ ಎದುರುತೂಕವನ್ನು ತಪ್ಪದೆ ಕಟ್ಟಬೇಕು. ತುಂಬಿದ ಬಕೆಟ್ಟನ್ನು ನೆಲದಿಂದ ಸ್ವಲ್ಪವೇ ಎತ್ತಿ ಸಾಗಿಸಬೇಕು. ಎತ್ತರಕ್ಕೆ ಹಿಡಿದು ಇಳಿಜಾರಿನಲ್ಲಿ ತಿರುಗಿಸಿದರೆ ಟ್ರಾಕ್ಟರು ಮಗುಚುವುದು. ಉರುಳುರಕ್ಷಣೆಯ ಚೌಕಟ್ಟು ಇರುವ ಟ್ರಾಕ್ಟರಿನಲ್ಲಿ ಚಾಲಕನು ಸೀಟುಪಟ್ಟಿಯನ್ನು ಬಿಗಿದುಕೊಂಡೇ ಕುಳಿತಿರಬೇಕು.

5. ದರೆಯ ಬುಡವನ್ನು ಕೆರೆಯಬಾರದು

ಇದು ಈ ಪಾಠದಲ್ಲೆಲ್ಲ ಅತಿ ಮುಖ್ಯವಾದ ಎಚ್ಚರಿಕೆ. ಜರಿದು ಬಿದ್ದ ಮಣ್ಣಿನ ರಾಶಿಯು ಅನೇಕ ವೇಳೆ ಮೇಲಿನ ಮಣ್ಣಿಗೆ ಊರೆಯಾಗಿ ನಿಂತಿರುತ್ತದೆ. ಮಳೆ ಹೊಯ್ಯುತ್ತಿರುವಾಗ ಆ ಬುಡವನ್ನು ತೆಗೆದರೆ ಮೇಲಿನದೂ ಕೆಳಗಿಳಿಯುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೂ ಗುಡ್ಡ ಜರಿದು ಜನರು ಪ್ರಾಣ ಕಳೆದುಕೊಂಡುದನ್ನು ನಾವು ಮರೆಯಬಾರದು. ನೀರು ಕುಡಿದ ಗುಡ್ಡದ ಮುಂದೆ ಯಾವ ಯಂತ್ರದ ಬಲವೂ ನಿಲ್ಲುವುದಿಲ್ಲ.

ಆದುದರಿಂದ ಕೆಲಸ ತೊಡಗುವ ಮೊದಲು ಒಬ್ಬನು ದೂರದಿಂದ ದರೆಯ ನೆತ್ತಿಯನ್ನು ನೋಡಬೇಕು. ಅಲ್ಲಿ ಹೊಸ ಬಿರುಕು ಬಿಟ್ಟಿದ್ದರೆ, ಮರಗಳು ವಾಲಿದ್ದರೆ, ತಿಳಿಯಾಗಿದ್ದ ಒರತೆ ಕದಡಿ ಹರಿಯುತ್ತಿದ್ದರೆ ಟ್ರಾಕ್ಟರನ್ನು ಅತ್ತ ಒಯ್ಯತಕ್ಕದ್ದಲ್ಲ. ಜನರನ್ನು ದೂರವಿರಿಸಿ ತಾಲ್ಲೂಕು ಕಚೇರಿಗೆ ಸುದ್ದಿ ಮುಟ್ಟಿಸಬೇಕು. ಅಂಥ ಅಪಾಯದ ಸೂಚನೆಗಳು ಇಲ್ಲದಿದ್ದರೂ ಮಳೆ ಬಿಟ್ಟ ಮೇಲೆ, ಹಗಲು ಹೊತ್ತಿನಲ್ಲಿ, ಒಬ್ಬ ಕಾವಲುಗಾರನನ್ನಿಟ್ಟು, ಗಾಡಿ ಹೋಗುವಷ್ಟು ದಾರಿಯನ್ನು ಮಾತ್ರ ಬಿಡಿಸಿ, ಬುಡದ ಮಣ್ಣನ್ನು ಬೇಸಗೆಯವರೆಗೆ ಹಾಗೆಯೇ ಬಿಡುವುದು ವಿವೇಕ.

6. ಮಳೆಗೆ ಮುಂಚಿನ ಕೆಲಸ

ಮೇ ತಿಂಗಳೊಳಗೆ ಚರಂಡಿಗಳ ಹೂಳು ತೆಗೆದು, ದಾರಿಯ ನಡುವನ್ನು ಅಂಚಿಗಿಂತ ಎತ್ತರಿಸಬೇಕು. ಹತ್ತು ಅಡಿ ಅಗಲದ ಮಣ್ಣುದಾರಿಗೆ ಎರಡರಿಂದ ಎರಡೂವರೆ ಅಂಗುಲ ಎತ್ತರ ಸಾಕು. ದರೆಯ ಮೇಲಿನ ನೀರನ್ನು ನೆತ್ತಿಯಲ್ಲಿಯೇ ಕಾಲುವೆ ತೋಡಿ ಬೇರೆ ಕಡೆಗೆ ತಿರುಗಿಸಬೇಕು. ಇಷ್ಟನ್ನು ಮಾಡಿದವನಿಗೆ ಅನೇಕ ವರ್ಷ ಹಿಂಬದಿಯ ಬ್ಲೇಡೊಂದೇ ಸಾಕಾಗಬಹುದು. ಇದನ್ನು ಬಿಟ್ಟವನಿಗೆ ಲೋಡರಿದ್ದರೂ ಸಾಲದು.

ಕಡೆಯದಾಗಿ, ಒಂದೇ ದಾರಿಯನ್ನು ಬಳಸುವ ನಾಲ್ಕಾರು ಮನೆಯವರು ಪ್ರತಿಯೊಬ್ಬರೂ ಒಂದೊಂದು ಸಲಕರಣೆಯನ್ನು ಕೊಳ್ಳುವ ಅವಶ್ಯಕತೆಯಿಲ್ಲ. ಒಬ್ಬರು ಬ್ಲೇಡನ್ನೂ ಇನ್ನೊಬ್ಬರು ಸ್ಕ್ರೇಪರನ್ನೂ ಇಟ್ಟುಕೊಂಡು, ಲೋಡರನ್ನು ಎಲ್ಲರೂ ಸೇರಿ ಬಾಡಿಗೆಗೆ ತರಬಹುದು. ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರ ಸಮೀಪದಲ್ಲಿದ್ದರೆ ಅಲ್ಲಿ ಏನೇನು ದೊರೆಯುತ್ತದೆಂದು ಮಳೆಗೆ ಮುಂಚೆಯೇ ವಿಚಾರಿಸಿಡಬೇಕು. ಗ್ರಾಮದ ಪ್ರಮುಖರು ಬೇಸಗೆಯಲ್ಲಿಯೇ ನೆರೆಹೊರೆಯವರನ್ನು ಕೂಡಿಸಿ, ಯಾವ ದರೆ ಸಡಿಲವಾಗಿದೆ, ಮಣ್ಣನ್ನು ಎಲ್ಲಿ ಹಾಕಬೇಕು, ಯಾರ ಟ್ರಾಕ್ಟರು ಮೊದಲು ಹೊರಡಬೇಕು ಎಂಬ ಮೂರು ವಿಷಯಗಳನ್ನು ನಿಶ್ಚಯಿಸಿಡಬೇಕೆಂದು ಕೋರಲಾಗಿದೆ.